ನಿದ್ದೆಗೆಟ್ಟು ಮಾಡಿಸಿಕೊಂಡ ಪರೀಕ್ಷೆ

ಶಶಿರೇಖಾಳಿಗೆ ಹದಿನೈದು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ, ಡೈರಿಗೆ ಹಾಲು ಹಾಕಲು ಹೊರಟವಳ ಕೈಯಿಂದ ಕ್ಯಾನು ಹಾರಿ ಬಿತ್ತು. ಜಾರಿದ್ದಲ್ಲ, ಹಾರಿದ್ದು. ಯಾರೋ ಹಿಂದಿನಿಂದ ಮೊಣಕೈಗೆ ತಟ್ಟಿದಂತೆ ತೋಳು ಒಮ್ಮೆ ಜಗ್ಗಿತು, ಅಷ್ಟೆ. ಆರು ಲೀಟರ್ ಹಾಲು ಅವಳ ಊರು ಸಾಸಲಿನ ಕಾಂಕ್ರೀಟ್ ಬೀದಿಯಲ್ಲಿ ಹರಿದು ಚರಂಡಿ ಸೇರಿತು. ಅವಳು ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

ಅವಳ ಅಪ್ಪ ಅಪ್ಪಯ್ಯಣ್ಣ ಮೂರು ಎಕರೆಯಲ್ಲಿ ರಾಗಿ, ಮೆಕ್ಕೆಜೋಳ ಬೆಳೆದುಕೊಂಡು, ಎರಡು ಸೀಮೆ ಹಸು ಕಟ್ಟಿಕೊಂಡಿದ್ದ ಮೆದು ಮನುಷ್ಯ. ಬೈಯಲಿಲ್ಲ.

“ನಿದ್ದೆಗಣ್ಣಲ್ಲಿ ಎದ್ದು ಬಂದ್ರೆ ಹಿಂಗೇ ಆಗೋದು. ನಾಳೆಯಿಂದ ಮುಖ ತೊಳ್ಕೊಂಡು ಹೋಗಮ್ಮ” ಎಂದ.

ಮುಖ ತೊಳೆದುಕೊಂಡರೂ ಅದು ನಿಲ್ಲಲಿಲ್ಲ. ಒಂದು ದಿನ ಹಲ್ಲುಜ್ಜುವ ಬ್ರಷ್ಷು, ಇನ್ನೊಂದು ದಿನ ಬಾಚಣಿಗೆ, ಮತ್ತೊಂದು ದಿನ ಕಾಫಿ ಲೋಟ. ಎಲ್ಲವೂ ಎದ್ದ ಒಂದು ಗಂಟೆಯೊಳಗೆ. ಹತ್ತು ಗಂಟೆಯ ಹೊತ್ತಿಗೆ ಅವಳ ಕೈಯಷ್ಟು ಸ್ಥಿರವಾದ ಕೈ ಶಾಲೆಯಲ್ಲೇ ಇರಲಿಲ್ಲ. ಹೊಲಿಗೆಯ ತರಗತಿಯಲ್ಲಿ ಟೀಚರು ಅವಳ ಕಾಜಾಗಳನ್ನು ಬೇರೆ ಮಕ್ಕಳಿಗೆ ತೋರಿಸುತ್ತಿದ್ದರು. ಹಾಗಾಗಿ ಇದೊಂದು ಕಾಯಿಲೆಯಿರಬಹುದೆಂದು ಯಾರಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಬೆಳಗಿನ ಹೊತ್ತು ಹುಡುಗಿಗೆ ಕೈ ಬಿಗಿ ಸಾಲದು ಎಂದು ಮನೆಯವರು ಅಂದುಕೊಂಡರು. ಗಾಜಿನ ಸಾಮಾನು ಅವಳ ಕೈಗೆ ಕೊಡುವುದನ್ನು ಬಿಟ್ಟರು.

ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಶಿವರಾತ್ರಿಗೆ ಮನೆಮಂದಿಯೆಲ್ಲ ಶಿವಗಂಗೆಗೆ ಹೋದರು. ರಾತ್ರಿಯಿಡೀ ಜಾಗರಣೆ. ಬೆಳಕು ಹರಿಯುವಾಗ ಬೆಟ್ಟದಿಂದ ಇಳಿದು ಬಸ್ಸಿಗೆ ಕಾಯುತ್ತಿದ್ದರು. ಶಶಿರೇಖಾಳ ಎರಡು ಕೈಗಳೂ ಎರಡು ಸಲ ಜಗ್ಗಿದವು. ಪ್ರಸಾದದ ಪೊಟ್ಟಣ ಹಾರಿತು. ಆಮೇಲಿನದು ಅವಳಿಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತದ ರುಚಿಯಿತ್ತು. ಅಂಗೈಯಲ್ಲಿ ಯಾರದೋ ಕಬ್ಬಿಣದ ಬೀಗದಕೈ ಇತ್ತು. ಅಪ್ಪ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದ.

ಮೂರು ದಿನದ ಮೇಲೆ ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿ ಮಧ್ಯಾಹ್ನ ಮೂರು ಗಂಟೆಗೆ ತಲೆಗೆ ತಂತಿ ಅಂಟಿಸಿ ಇಪ್ಪತ್ತು ನಿಮಿಷ ಇಇಜಿ ಪರೀಕ್ಷೆ ಮಾಡಿದರು. ಮೆದುಳಿನ ಅಲೆಗಳನ್ನು ಗೆರೆಗಳಾಗಿ ಬರೆಯುವ ಪರೀಕ್ಷೆ ಅದು. ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದು ಬಂತು. ಡಾಕ್ಟರು, ರಿಪೋರ್ಟು ಹಾಗೆ ಬಂದರೂ ಮಾತ್ರೆ ತೆಗೆದುಕೊಳ್ಳಲೇಬೇಕು ಎಂದು ಹೇಳಿ ಬರೆದುಕೊಟ್ಟರು. ಬೆಳಗಿನ ಕೈಜಗ್ಗಿನ ಬಗ್ಗೆ ಅವರು ಕೇಳಲಿಲ್ಲ. ಅದನ್ನು ಡಾಕ್ಟರಿಗೆ ಹೇಳುವಂಥ ವಿಷಯವೆಂದು ಇವರಿಗೂ ಅನ್ನಿಸಲಿಲ್ಲ. ಅಪ್ಪಯ್ಯಣ್ಣನ ಕಿವಿಗೆ ಬಿದ್ದದ್ದು ಒಂದೇ ಮಾತು.

“ಮೆಷಿನ್ನೇ ನಾರ್ಮಲ್ ಅಂದ್ಮೇಲೆ ಮುಗೀತು ಬಿಡು” ಎಂದು ಬಸ್ಸಿನಲ್ಲಿ ಮಗಳಿಗೆ ಹೇಳಿದ. ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ.

ಮಾತ್ರೆ ಶುರುವಾದ ಮೇಲೆ ದೊಡ್ಡ ಫಿಟ್ಸ್ ಮತ್ತೆ ಬರಲಿಲ್ಲ. ಆದರೆ ವಾರಕ್ಕೊಮ್ಮೆ ಹಾರುತ್ತಿದ್ದ ಕೈ ದಿನಾ ಹಾರತೊಡಗಿತು. ಒಂದಕ್ಕೊಂದು ಸಂಬಂಧವಿದೆಯೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಬೆಳಿಗ್ಗೆ ಎದ್ದು ಒಂದು ಗಂಟೆ ಏನನ್ನೂ ಮುಟ್ಟದೆ, ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಒತ್ತಿಕೊಂಡು ಕೂರುವುದನ್ನು ಕಲಿತಳು.

ಇಪ್ಪತ್ತೊಂದಕ್ಕೆ ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಸೇರಿದಳು. ಚೆಕ್ಕಿಂಗ್ ಟೇಬಲ್ಲಿನ ಕೆಲಸ: ಹೊಲಿದು ಬಂದ ಷರ್ಟುಗಳಲ್ಲಿ ತಪ್ಪಿದ ಹೊಲಿಗೆ, ಬಿಟ್ಟ ದಾರ, ಎಣ್ಣೆ ಕಲೆ ಹುಡುಕುವುದು. ಅವಳ ಕಣ್ಣಿಗೆ ಒಂದು ಹೊಲಿಗೆಯೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಎರಡು ವರ್ಷದಲ್ಲಿ, ಅವಳ ಟೇಬಲ್ಲು ದಾಟಿ ಹೋದ ಮಾಲು ವಾಪಸು ಬರುವುದಿಲ್ಲ ಎಂಬ ಹೆಸರು ಬಂತು.

ಆಗಲೇ ಮದುವೆ ಗೊತ್ತಾಯಿತು. ಹುಡುಗ ನವೀನ್‌ಕುಮಾರ್, ದೊಡ್ಡಬಳ್ಳಾಪುರದಿಂದ ಐದು ಕಿಲೋಮೀಟರ್ ದೂರದ ಹಳ್ಳಿಯವನು. ಅದೇ ಕೈಗಾರಿಕಾ ಪ್ರದೇಶದ ಇನ್ನೊಂದು ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ತಂದೆಯಿಲ್ಲ, ತಾಯಿ ಲಕ್ಷ್ಮೀದೇವಮ್ಮ, ಒಂದಿಷ್ಟು ಹೊಲ, ತರಕಾರಿ ತೋಟ.

ನಿಶ್ಚಿತಾರ್ಥಕ್ಕೆ ಮುಂಚೆ ಶಶಿರೇಖಾ ಅಪ್ಪನನ್ನು ಕೇಳಿದಳು. “ಅವ್ರಿಗೆ ಹೇಳ್ಬೇಕಲ್ವಾ ಅಪ್ಪಾ?”

“ಒಂದ್ಸಲ ಬಂದಿದ್ದು ಹೋಯ್ತು. ರಿಪೋರ್ಟ್ ನಾರ್ಮಲ್ ಐತೆ. ಬಾಯ್ಬಿಟ್ರೆ ಸಂಬಂಧ ಮುರ್ದುಬೀಳ್ತದೆ ಕಣಮ್ಮ.”

ಅವಳು ಮಾತ್ರೆಗಳನ್ನು ವಿಟಮಿನ್ ಡಬ್ಬಿಗೆ ಹಾಕಿಕೊಂಡು ಗಂಡನ ಮನೆಗೆ ಹೋದಳು.

ಲಕ್ಷ್ಮೀದೇವಮ್ಮ ಕೆಟ್ಟವಳಲ್ಲ, ನಾಲಿಗೆ ಮಾತ್ರ ಚುರುಕು. ಮೊದಲ ವರ್ಷದಲ್ಲೇ ಸೊಸೆಯ ಕೈಯಲ್ಲಿ ಎರಡು ಗಾಜಿನ ಮುಚ್ಚಳ, ಒಂದು ಉಪ್ಪಿನಕಾಯಿ ಜಾಡಿ ಒಡೆದವು. ಹಾಲಿನ ಪಾತ್ರೆ ಎಷ್ಟು ಸಲ ಚೆಲ್ಲಿತೋ ಲೆಕ್ಕವಿಲ್ಲ.

“ನಿಮ್ಮಪ್ಪನ ಮನೇಲಿ ಕೈಗೆ ಎಣ್ಣೆ ಹಚ್ಕೊಂಡು ಓಡಾಡ್ತಿದ್ರೇನಮ್ಮ?” ಎಂದು ಅತ್ತೆ ಕೇಳುತ್ತಿದ್ದಳು. “ಬೆಳಿಗ್ಗೆ ಎದ್ದು ಕೈ ಕಟ್ಕೊಂಡು ಕೂತ್ಕೋತೀಯ. ಎದ್ದು ಕೆಲ್ಸ ಮಾಡು ಅಂದ್ರೆ ಇದ್ದಿದ್ದೆಲ್ಲಾ ಬಿಸಾಕ್ತೀಯ.”

ಶಶಿರೇಖಾ ನೆಲ ಒರೆಸಿ, ಡಬ್ಬಿ ತುಂಬಿಕೊಂಡು, ಕಾರ್ಖಾನೆಯ ಬಸ್ಸು ಹಿಡಿಯುತ್ತಿದ್ದಳು.

ಮದುವೆಯಾಗಿ ಎರಡನೇ ವರ್ಷ, ನವೆಂಬರಿನಲ್ಲಿ ಒಂದು ದೊಡ್ಡ ಆರ್ಡರು ಕಳಿಸುವುದಿತ್ತು. ಮೂರು ದಿನ ಎಲ್ಲರೂ ಹೆಚ್ಚು ಹೊತ್ತು ದುಡಿದರು. ಮನೆ ಸೇರುವಾಗ ಹನ್ನೊಂದೂವರೆ, ಏಳುವುದು ನಾಲ್ಕೂವರೆಗೆ. ನಾಲ್ಕನೇ ದಿನ ಬೆಳಿಗ್ಗೆ ಎಂಟೂಕಾಲಿಗೆ, ಚೆಕ್ಕಿಂಗ್ ಟೇಬಲ್ಲಿನ ಮುಂದೆ ನಿಂತಿದ್ದವಳ ಕೈಯಿಂದ ಒಂದು ನೀಲಿ ಷರ್ಟು ಹಾರಿ ಎದುರಿನವಳ ಮುಖದ ಮೇಲೆ ಬಿತ್ತು. ಎದುರಿನವಳು ತಮಾಷೆಯೆಂದುಕೊಂಡು ನಕ್ಕಳು. ಮತ್ತೊಂದು ಸಲ ಕೈ ಹಾರಿತು. ಶಶಿರೇಖಾ ಕೂಗೊಂದನ್ನು ಹೊರಡಿಸಿ ಕಟ್ಟಿಗೆಯ ಹಾಗೆ ಬಿದ್ದಳು.

ಲೈನ್ ಸೂಪರ್‌ವೈಸರ್ ಮನೋಹರ್ ಓಡಿಬಂದ. ಪ್ರಥಮ ಚಿಕಿತ್ಸೆಯ ತರಬೇತಿ ಆದವನು. ಅವಳನ್ನು ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ಬಟ್ಟೆಯ ಕಟ್ಟೊಂದನ್ನು ಇಟ್ಟ. ಬೀಗದಕೈ ತಂದವಳನ್ನು ತಡೆದ.

“ಅದೇನೂ ಬೇಡ, ಬಾಯಿಗೂ ಏನೂ ಹಾಕ್ಬೇಡಿ. ಗಾಳಿ ಬಿಡಿ, ತಾನಾಗೇ ನಿಲ್ಲುತ್ತೆ” ಎಂದ. ಗಡಿಯಾರ ನೋಡುತ್ತ ಪಕ್ಕದಲ್ಲೇ ಕೂತ. ಎರಡು ನಿಮಿಷಕ್ಕೆ ನಿಂತಿತು.

ನವೀನ್‌ಕುಮಾರ್ ಬಂದು ಆಟೋದಲ್ಲಿ ಕರೆದುಕೊಂಡು ಹೊರಟ. ಕೆಲಸಕ್ಕೆ ವಾಪಸು ಬರಬೇಕಾದರೆ ಡಾಕ್ಟರ ಪತ್ರ ಬೇಕೆಂದು ಕಾರ್ಖಾನೆಯವರು ಹೇಳಿ ಕಳಿಸಿದ್ದರು. ದಾರಿಯಲ್ಲಿ ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಶಿವರಾತ್ರಿ, ರಿಪೋರ್ಟು, ವಿಟಮಿನ್ ಡಬ್ಬಿ. ಅವನು ರಸ್ತೆಯನ್ನೇ ನೋಡುತ್ತ ಕೇಳಿಸಿಕೊಂಡ.

“ಮೊದ್ಲೇ ಹೇಳಿದ್ರೆ ಏನಾಗ್ತಿತ್ತು?” ಎಂದ ಕೊನೆಗೆ.

“ಹೇಳಿದ್ರೆ ನೀವು ಒಪ್ತಿದ್ರಾ?”

ಅವನು ರಸ್ತೆಯಿಂದ ಕಣ್ಣು ತೆಗೆದು ಅವಳ ಕಡೆ ನೋಡಿದ. “ಗೊತ್ತಿಲ್ಲ” ಎಂದ. ಆ ಉತ್ತರ ಸುಳ್ಳಲ್ಲವೆಂದು ಅವಳಿಗೆ ಅನ್ನಿಸಿತು. ಅದರಿಂದ ಒಂದು ಬಗೆಯ ಧೈರ್ಯವೂ ಬಂತು.

ಸಂಜೆ ಅಪ್ಪಯ್ಯಣ್ಣ ಬಂದ. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತ. “ತಪ್ಪು ನಂದು ತಾಯಿ. ಮಗೀದಲ್ಲ. ಅವ್ಳು ಹೇಳೋಣ ಅಂದ್ಲು, ನಾನೇ ಬೇಡ ಅಂದೆ” ಎಂದು ಬೀಗಿತ್ತಿಯ ಮುಂದೆ ತಲೆ ತಗ್ಗಿಸಿದ. ನೆಂಟರಲ್ಲಿ ಒಬ್ಬಿಬ್ಬರು, ಹುಡುಗಿಯನ್ನು ಅಪ್ಪನ ಜೊತೆ ಕಳಿಸಿಬಿಡಿ ಎಂದರು. ಲಕ್ಷ್ಮೀದೇವಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮೂರು ದಿನ ಸೊಸೆಯೊಡನೆ ಮಾತಾಡಲಿಲ್ಲ. ನಾಲ್ಕನೇ ದಿನ ತಟ್ಟೆಗೆ ಮುದ್ದೆ ಹಾಕುತ್ತ, “ನರದ ಡಾಕ್ಟ್ರಿಗೆ ತೋರ್ಸೋಣ. ಆಮೇಲೆ ಮಿಕ್ಕಿದ್ದು” ಎಂದಳು.

ದೊಡ್ಡಬಳ್ಳಾಪುರದ ಒಂದು ಆಸ್ಪತ್ರೆಗೆ ಗುರುವಾರಕ್ಕೊಮ್ಮೆ ಬೆಂಗಳೂರಿನಿಂದ ನರರೋಗದ ಡಾಕ್ಟರ್ ಮಮತ ಬರುತ್ತಿದ್ದರು. ಅವರು ಎರಡು ಸಲ ಬಂದ ಫಿಟ್ಸಿನ ವಿವರ ಕೇಳಿ ಬರೆದುಕೊಂಡು, ಮತ್ತೊಮ್ಮೆ ಇಇಜಿ ಮಾಡಿಸಲು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಪರೀಕ್ಷೆ ಮಾಡುವ ಹುಡುಗಿ ಅರ್ಪಿತ. ತಲೆಯನ್ನು ಟೇಪಿನಿಂದ ಅಳೆದು, ಅಲ್ಲಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುತ್ತ, ಊರು, ಕೆಲಸ ಎಲ್ಲವನ್ನೂ ವಿಚಾರಿಸುತ್ತಿದ್ದಳು. ನಡುವೆ ಬೇರೇನನ್ನೋ ಕೇಳುವಂತೆ ಕೇಳಿದಳು.

“ಬೆಳಿಗ್ಗೆ ಎದ್ದ ಮೇಲೆ ಕೈಯಲ್ಲಿ ಹಿಡ್ಕೊಂಡಿದ್ದು ಇದ್ದಕ್ಕಿದ್ದಂಗೆ ಹಾರ್ಬಿಡುತ್ತಾ ಅಕ್ಕಾ? ಲೋಟ, ಬ್ರಷ್ಷು, ಹಂಗೆ?”

ಶಶಿರೇಖಾ ಎದ್ದು ಕೂತಳು. “ನಿಮಗೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಬೆಳಗಿನ ಹೊತ್ತೇ ಫಿಟ್ಸ್ ಬಂದಿದೆ, ಅದೂ ನಿದ್ದೆ ಕೆಟ್ಟಾಗ. ಅಂಥೋರನ್ನ ನಾನು ಕೇಳೇ ಕೇಳ್ತೀನಿ.”

ಹತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಅವಳೊಬ್ಬಳೇ. ಶಶಿರೇಖಾ ಹಾಲಿನ ಕ್ಯಾನಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಆದರೆ ಆ ದಿನದ ಅರ್ಧ ಗಂಟೆಯ ಪರೀಕ್ಷೆಯಲ್ಲೂ ಗೆರೆಗಳು ತಣ್ಣಗೆ ಹರಿದವು. ಏನೂ ಸಿಗಲಿಲ್ಲ. ಲಕ್ಷ್ಮೀದೇವಮ್ಮನ ಮುಖ ಗಂಟಿಕ್ಕಿತು. “ಮತ್ತೆ ನಾರ್ಮಲ್ಲಾ? ಹಂಗಾದ್ರೆ ಬಿದ್ದಿದ್ಯಾಕೆ?”

ಡಾಕ್ಟರ್ ಮಮತ ಅವಳನ್ನು ಕೂರಿಸಿ ಹೇಳಿದರು. “ಅಮ್ಮಾ, ನೀವು ನಿಮ್ಮೂರ ಸ್ಟಾಪಲ್ಲಿ ಅರ್ಧ ಗಂಟೆ ನಿಂತ್ರಿ, ಬಸ್ ಬರ್ಲಿಲ್ಲ. ಹಂಗಂತ ಆ ದಾರೀಲಿ ಬಸ್ಸೇ ಓಡಾಡಲ್ಲ ಅಂತಾಗುತ್ತಾ? ಇವರ ಬಸ್ಸು ಬರೋ ಟೈಮ್ ಬೆಳಿಗ್ಗೆ, ನಿದ್ದೆ ಇಲ್ದಾಗ. ನಾವು ಆ ಟೈಮಿಗೇ ನಿಂತು ನೋಡ್ಬೇಕು.”

ಮುಂದಿನ ಗುರುವಾರ ಬೆಳಿಗ್ಗೆಯೇ ಮತ್ತೊಂದು ಪರೀಕ್ಷೆಯೆಂದು ಗೊತ್ತಾಯಿತು. ಹಿಂದಿನ ರಾತ್ರಿ ಶಶಿರೇಖಾ ನಿದ್ದೆ ಮಾಡಬಾರದು. ಕಾಫಿ, ಟೀ ಕುಡಿಯಬಾರದು. ತಲೆಗೆ ಎಣ್ಣೆ ಹಚ್ಚಬಾರದು. ಮಾತ್ರೆ ತಪ್ಪಿಸಬಾರದು. ಒಂದು ಗಳಿಗೆಯೂ ಒಬ್ಬಳನ್ನೇ ಬಿಡಬಾರದು, ಬೈಕಿನಲ್ಲಿ ಬರಬಾರದು. ಬರುವಾಗ ಆಟೋದಲ್ಲೂ ತೂಕಡಿಸಲು ಬಿಡಬಾರದು.

ಆ ವಾರ ನವೀನ್‌ಕುಮಾರನಿಗೆ ರಾತ್ರಿ ಪಾಳಿ. ರಜೆ ಹಾಕುತ್ತೇನೆಂದ. “ನೀನು ಕೂತ್ರೆ ಹತ್ತು ಗಂಟೆಗೆ ನೀನೇ ಗೊರಕೆ ಹೊಡೀತೀಯ. ಹೋಗು, ನಾನಿದೀನಿ” ಎಂದಳು ಅವನ ತಾಯಿ.

ಅವರೆಕಾಯಿ ಕಾಲ. ಮಧ್ಯಾಹ್ನವೇ ಲಕ್ಷ್ಮೀದೇವಮ್ಮ ಹೊಲದಿಂದ ಎರಡು ಮಂಕರಿ ಸೊಗಡವರೆ ಕಿತ್ತು ತಂದಿದ್ದಳು. ಈಳಿಗೆಮಣೆಯನ್ನೂ ಚಾಕುವನ್ನೂ ಎತ್ತಿ ಅಟ್ಟದ ಮೇಲಿಟ್ಟಳು. ನಡುಮನೆಯಲ್ಲಿ ಚಾಪೆ ಹಾಸಿ, ಸೊಸೆಯನ್ನು ಗೋಡೆಗೆ ಒರಗಿಸಿ ಕೂರಿಸಿ, ಪಕ್ಕದಲ್ಲಿ ತಾನು ಕೂತಳು. ಹನ್ನೆರಡರವರೆಗೆ ಕಾಯಿ ಬಿಡಿಸಿದರು. ಸಂಜೆ ನೆನೆಹಾಕಿದ್ದ ಕಾಳನ್ನು ಆಮೇಲೆ ಹಿತುಕತೊಡಗಿದರು. ಒಂದೊಂದೇ ಕಾಳು ಸಿಪ್ಪೆಯಿಂದ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು.

ಎರಡು ಗಂಟೆಗೆ ಶಶಿರೇಖಾಳ ತಲೆ ವಾಲಿತು. ಅತ್ತೆ ತಣ್ಣೀರು ತಂದು ಮುಖ ತೊಳೆಸಿದಳು. ತೋಳು ಹಿಡಿದುಕೊಂಡು ಅಂಗಳದಲ್ಲಿ ಹತ್ತು ಸುತ್ತು ನಡೆಸಿದಳು. ಚಳಿಗೆ ಇಬ್ಬರೂ ಒಂದೇ ಶಾಲು ಹೊದ್ದಿದ್ದರು.

“ಒಂದು ಕೇಳ್ತೀನಿ, ನಿಜ ಹೇಳು. ನನಗಾದ್ರೂ ಹೇಳ್ಬೋದಿತ್ತಲ್ಲ. ನಾನೇನು ಹುಲೀನಾ?” ಎಂದಳು ಲಕ್ಷ್ಮೀದೇವಮ್ಮ.

“ಕಳಿಸ್ಬಿಡ್ತೀರಿ ಅಂತ ಭಯ ಇತ್ತು ಅತ್ತೆ.”

“ಮೊದಲ್ನೇ ತಿಂಗ್ಳು ಹೇಳಿದ್ರೆ ಕಳಿಸ್ತಿದ್ನೇನೋ. ಸುಳ್ಯಾಕೆ ಹೇಳ್ಲಿ. ಈಗ ಹಂಗಲ್ಲ. ನೀನಿಲ್ದಿದ್ರೆ ನಂಗೆ ಮನೇಲಿ ಮಾತಾಡಕ್ಕೆ ಯಾರಿದಾರೆ, ಆ ನವೀನ ಊಟಕ್ಕೆ ಮಾತ್ರ ಬಾಯಿ ತೆಗೀತಾನೆ.”

ಶಶಿರೇಖಾ ನಕ್ಕಳು. ಹದಿನೈದು ದಿನದಲ್ಲಿ ಅದು ಮೊದಲನೆಯ ನಗು.

ಐದೂವರೆಯಾಗಿರಬೇಕು. ಹೊರಗೆ ಕೋಳಿ ಕೂಗುತ್ತಿದ್ದವು. ಶಶಿರೇಖಾ ಬೊಗಸೆ ತುಂಬ ಹಿತುಕಿದ ಬೇಳೆ ಎತ್ತಿಕೊಂಡು ಪಾತ್ರೆಗೆ ಸುರಿಯಲು ಹೋದಳು. ತೋಳುಗಳೆರಡೂ ಜಗ್ಗಿದವು. ಬೇಳೆಯೆಲ್ಲ ಹಾರಿ ಅತ್ತೆಯ ಮಡಿಲಿಗೆ, ತಲೆಗೂದಲಿಗೆ ಬಿತ್ತು. ಲಕ್ಷ್ಮೀದೇವಮ್ಮ ಸೊಸೆಯ ಎರಡು ಕೈಗಳನ್ನೂ ಹಿಡಿದುಕೊಂಡಳು. ಆ ಕೈಗಳು ಅವಳ ಹಿಡಿತದಲ್ಲೇ ಮತ್ತೊಮ್ಮೆ ಜಗ್ಗಿದವು. ಇದು ಬೇಕೆಂದು ಮಾಡುವುದಲ್ಲ, ಎಚ್ಚರಗೇಡಿತನವೂ ಅಲ್ಲ ಎನ್ನುವುದು ಅವಳ ಅಂಗೈಗೇ ಗೊತ್ತಾಯಿತು.

“ಇದೇನಾ?”

“ಇದೇ ಅತ್ತೆ.”

ಲಕ್ಷ್ಮೀದೇವಮ್ಮ ಸೀರೆಯ ಮೇಲಿನ ಬೇಳೆಯನ್ನು ಒಂದೊಂದಾಗಿ ಆರಿಸಿದಳು. “ಇದಕ್ಕಾ ನಾನು ಇಷ್ಟು ದಿನ ಬೈದಿದ್ದು” ಎಂದಳು.

ಎಂಟು ಗಂಟೆಗೆ ಆಸ್ಪತ್ರೆಯಲ್ಲಿದ್ದರು. ಆಟೋದಲ್ಲಿ ಬರುವಾಗ ಸೊಸೆ ತೂಕಡಿಸದಂತೆ ಲಕ್ಷ್ಮೀದೇವಮ್ಮ ಮನೆತನದ ಇತಿಹಾಸವನ್ನೆಲ್ಲ ಹೇಳಿದ್ದಳು. ತಂತಿಗಳನ್ನು ಕಂಡು ಅವಳಿಗೆ ಮತ್ತೆ ಅಳುಕಾಯಿತು.

“ತಲೆಗೆ ಕರೆಂಟ್ ಬಿಡ್ತೀರೇನಮ್ಮ?”

“ಇಲ್ಲ ಅಮ್ಮ, ನಾವು ಒಳಕ್ಕೆ ಏನೂ ಬಿಡಲ್ಲ” ಎಂದಳು ಅರ್ಪಿತ. “ಡಾಕ್ಟ್ರು ಎದೆ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿಸ್ಕೊಳ್ತಾರಲ್ಲ, ಹಂಗೆ ಇದು ತಲೆ ಒಳಗಿಂದು ಕೇಳಿಸ್ಕೊಳ್ಳುತ್ತೆ, ಅಷ್ಟೆ. ನೋವೂ ಆಗಲ್ಲ.”

ಗುರುತು ಹಾಕಿದ ಕಡೆಯೆಲ್ಲ ಚರ್ಮವನ್ನು ಒರೆಸಿ, ಬಿಳಿಯ ಪೇಸ್ಟು ಹಚ್ಚಿ, ಇಪ್ಪತ್ತಕ್ಕೂ ಹೆಚ್ಚು ತಂತಿಗಳನ್ನು ಅಂಟಿಸಿದಳು. ಮೂರು ನಿಮಿಷ ಜೋರಾಗಿ ಉಸಿರಾಡಿಸಿದಳು. ಕಣ್ಣು ಮುಚ್ಚಿಸಿ, ಮುಖದ ಮುಂದೆ ಪಟಪಟನೆ ಮಿನುಗುವ ದೀಪ ಹಾಕಿದಳು. ಆಮೇಲೆ ಕೋಣೆಯ ಬೆಳಕು ತಗ್ಗಿಸಿ, “ಈಗ ಮಲ್ಕೊಳ್ಳಿ ಅಕ್ಕ” ಎಂದಳು. ಆ ಮಾತು ಮುಗಿಯುವ ಮೊದಲೇ ಶಶಿರೇಖಾಳಿಗೆ ನಿದ್ದೆ ಬಂದಿತ್ತು.

ಇಪ್ಪತ್ತೈದು ನಿಮಿಷದ ಮೇಲೆ ಅರ್ಪಿತ ಅವಳನ್ನು ಎಬ್ಬಿಸಿದಳು. ಎದ್ದು ಎರಡು ನಿಮಿಷವೂ ಆಗಿರಲಿಲ್ಲ, ಶಶಿರೇಖಾಳ ಬಲತೋಳು ಹಾಸಿಗೆಯಿಂದ ಮೇಲಕ್ಕೆ ಜಿಗಿಯಿತು. ಸ್ವಲ್ಪ ಹೊತ್ತಿಗೆ ಮತ್ತೊಂದು ಸಲ. ಪರದೆಯ ಕಡೆ ನೋಡುತ್ತಿದ್ದ ಅರ್ಪಿತ ಕೀಬೋರ್ಡಿನ ಗುಂಡಿಯೊಂದನ್ನು ಒತ್ತಿ ಸಮಯ ಗುರುತಿಸಿದಳು. ಬಾಗಿಲ ಬಳಿ ಕೂತಿದ್ದ ಲಕ್ಷ್ಮೀದೇವಮ್ಮ ಕಣ್ಣಿನಲ್ಲೇ ಏನೆಂದು ಕೇಳಿದಳು. “ಡಾಕ್ಟ್ರು ಹೇಳ್ತಾರಮ್ಮ, ನಾನು ಹೇಳಂಗಿಲ್ಲ” ಎಂದಳು ಅರ್ಪಿತ. ಆದರೆ ಅವಳ ದನಿಯಲ್ಲಿ ಗೆಲುವಿತ್ತು.

ಡಾಕ್ಟರ್ ಮಮತ ಪರದೆಯನ್ನು ಇಬ್ಬರ ಕಡೆಗೂ ತಿರುಗಿಸಿ ತೋರಿಸಿದರು. ಕೆರೆಯ ನೀರಿನಂತೆ ಸಣ್ಣಗೆ ಅಲೆಯುತ್ತಿದ್ದ ಗೆರೆಗಳು ಒಂದು ಕಡೆ ಎಲ್ಲವೂ ಒಟ್ಟಿಗೆ ಚೂಪಾಗಿ ಎದ್ದು, ಒಂದೂವರೆ ಸೆಕೆಂಡಿನಲ್ಲಿ ಮತ್ತೆ ತಣ್ಣಗಾಗಿದ್ದವು. ಪಕ್ಕದಲ್ಲಿ ಕ್ಯಾಮೆರಾ ಹಿಡಿದಿದ್ದ ಚಿತ್ರದಲ್ಲಿ ಶಶಿರೇಖಾಳ ತೋಳು ಮೇಲೆದ್ದಿತ್ತು.

“ಈ ಮೊನೆಗಳು ಎದ್ದಿದ್ದೂ ನಿಮ್ಮ ಕೈ ಜಗ್ಗಿದ್ದೂ ಒಂದೇ ಗಳಿಗೆ. ನಿಮ್ಮ ಹಾಲು ಚೆಲ್ಲಿದ್ದು, ಜಾಡಿ ಒಡೆದಿದ್ದು ಎಲ್ಲಾ ಇದೇ. ಇದೂ ಫಿಟ್ಸೇ, ಚಿಕ್ಕದು. ಮೂರ್ಛೆ ರೋಗದಲ್ಲಿ ಹಲವು ಬಗೆ ಇವೆ. ಈ ಬಗೆ ಹದಿಹರೆಯದಲ್ಲಿ ಶುರುವಾಗುತ್ತೆ, ಬೆಳಗಿನ ಹೊತ್ತೇ ಕಾಡುತ್ತೆ.”

ಅವರು ಹಳೆಯ ಮಾತ್ರೆಯ ಚೀಟಿಯನ್ನು ಕೈಗೆತ್ತಿಕೊಂಡರು. “ಈ ಮಾತ್ರೆ ಬೇರೆ ಬಗೆಯ ಫಿಟ್ಸಿಗೆ ಒಳ್ಳೇದು. ನಿಮ್ಮ ಬಗೆಗೆ ಒಗ್ಗಲ್ಲ, ಕೈಜಗ್ಗನ್ನ ಜಾಸ್ತೀನೇ ಮಾಡುತ್ತೆ. ಹೊಸದು ಶುರುಮಾಡಿ, ಇದನ್ನ ನಿಧಾನವಾಗಿ ಇಳಿಸ್ತಾ ಹೋಗೋಣ. ನೀವಾಗೇ ನಿಲ್ಲಿಸ್ಬೇಡಿ.”

ಶಶಿರೇಖಾ ಅಳತೊಡಗಿದಳು. ಡಾಕ್ಟರು ಅವಳು ಹೆದರಿದಳೆಂದುಕೊಂಡು ಸಮಾಧಾನ ಹೇಳಲು ಹೊರಟರು.

“ಹೆದರಿಕೆಗಲ್ಲ ಮೇಡಂ. ಹತ್ತು ವರ್ಷದಿಂದ ಎಲ್ರೂ ನಂಗೆ ಎಚ್ಚರ ಇಲ್ಲ, ಎಚ್ಚರ ಇಲ್ಲ ಅಂದ್ರು. ನಾನೂ ಹಂಗೇ ಅಂದ್ಕೊಂಡಿದ್ದೆ.”

ಲಕ್ಷ್ಮೀದೇವಮ್ಮ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟಳು. “ಮಕ್ಕಳಾಗ್ತಾವಾ ಮೇಡಂ?”

“ಆಗ್ತವೆ. ಅದನ್ನ ಯೋಚಿಸೇ ಈ ಮಾತ್ರೆ ಆರಿಸಿರೋದು. ಬಸುರಾಗೋದಕ್ಕೆ ಮುಂಚೆ ನಂಗೊಂದು ಮಾತು ಹೇಳ್ಬೇಕು, ಅಷ್ಟೆ. ಮತ್ತೆ ನಿದ್ದೆ. ನಿದ್ದೆನೂ ಇವರಿಗೆ ಮಾತ್ರೆ ಇದ್ದಂಗೇ ಅಂದ್ಕೊಳ್ಳಿ.”

ಎಲ್ಲವೂ ಮಾರನೆಯ ದಿನದಿಂದಲೇ ಸರಿಹೋಗಲಿಲ್ಲ. ಹೊಸ ಮಾತ್ರೆಗೆ ಕೈಜಗ್ಗು ಮೂರು ವಾರದಲ್ಲಿ ಕಡಿಮೆಯಾಯಿತು. ಆದರೆ ಎಂದೂ ಎದುರಾಡದಿದ್ದ ಶಶಿರೇಖಾಳಿಗೆ ಸಣ್ಣದಕ್ಕೂ ಸಿಟ್ಟು ಬರತೊಡಗಿತು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದದ್ದಕ್ಕೆ ಸೌಟನ್ನು ಪಾತ್ರೆಗೆ ಕುಕ್ಕಿ, “ನೀವೇ ಮಾಡ್ಕೊಳ್ಳಿ ಹಂಗಾದ್ರೆ” ಎಂದು ಅತ್ತೆಗೆ ಹೇಳಿ, ಹಿತ್ತಲಿಗೆ ಹೋಗಿ ಅತ್ತಳು. ಲಕ್ಷ್ಮೀದೇವಮ್ಮ ಮುಂದಿನ ಗುರುವಾರ ತಾನೇ ಡಾಕ್ಟರಿಗೆ ದೂರು ಹೇಳಿದಳು. ಅದು ಮಾತ್ರೆಯ ಅಡ್ಡ ಪರಿಣಾಮವೆಂದು ಅವರು ಪ್ರಮಾಣ ಬದಲಿಸಿಕೊಟ್ಟರು. ಎರಡು ತಿಂಗಳಲ್ಲಿ ಅದೂ ತಗ್ಗಿತು.

ಕಾರ್ಖಾನೆಗೆ ಪತ್ರ ತೆಗೆದುಕೊಂಡು ಹೋದಳು. ಕೆಲಸ ಮಾಡಬಹುದು, ರಾತ್ರಿ ದುಡಿಸಬಾರದು ಎಂದು ಅದರಲ್ಲಿತ್ತು. ಆಫೀಸಿನವರು ಹಿಂದೆ ಮುಂದೆ ನೋಡಿದರು. ಮನೋಹರನನ್ನು ಕರೆಸಿ ಕೇಳಿದರು.

“ಸಾರ್, ಎರಡು ನಿಮಿಷ ಬಿದ್ದಿದ್ರು, ಅಷ್ಟೇ ತಾನೆ” ಎಂದ ಮನೋಹರ್. “ಇವರಿಲ್ದೆ ಈ ತಿಂಗ್ಳು ನಮ್ ಲೈನಿಗೆ ಎಷ್ಟು ಮಾಲು ವಾಪಸ್ ಬಂತು ನೋಡಿ. ಟೇಬಲ್ ಕೆಲಸಕ್ಕೆ ಹಗಲೇ ಸಾಕು. ಮತ್ತೆ ಹಂಗಾದ್ರೆ ಏನು ಮಾಡ್ಬೇಕು ಅಂತ ನಮ್ ಲೈನಲ್ಲಿ ಎಲ್ರಿಗೂ ಹೇಳ್ಕೊಟ್ಟಿದೀನಿ.”

ಮೂರು ತಿಂಗಳು ನೋಡೋಣ ಎಂದು ಸೇರಿಸಿಕೊಂಡರು. ಮೂರು ತಿಂಗಳಾದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಅಪ್ಪಯ್ಯಣ್ಣ ಮಾತ್ರ ಮಗಳ ಮನೆ ಕಡೆ ತಲೆ ಹಾಕಿರಲಿಲ್ಲ. ಯುಗಾದಿಗೆ ಲಕ್ಷ್ಮೀದೇವಮ್ಮನೇ ಫೋನು ಮಾಡಿದಳು. “ಬೀಗ್ರೇ, ಹಬ್ಬಕ್ಕೆ ಬಂದು ಹೋಳಿಗೆ ತಿಂದು ಹೋಗಿ. ಎಷ್ಟು ದಿನ ಅಂತ ಮುಖ ಮುಚ್ಕೊಂಡಿರ್ತೀರಿ?” ಅವನು ಬಂದ. ಊಟಕ್ಕೆ ಕೂತವನು ಮಗಳು ಬಿಸಿ ತುಪ್ಪದ ಬಟ್ಟಲನ್ನು ಹಿಡಿದು ಬರುವುದನ್ನೇ ನೋಡುತ್ತಿದ್ದ. ಬಟ್ಟಲು ಅಲುಗಲಿಲ್ಲ.

ಮರುವರ್ಷ ಶಶಿರೇಖಾ ಡಾಕ್ಟರಿಗೆ ಹೇಳಿಯೇ ಬಸುರಾದಳು. ತಿಂಗಳು ತುಂಬುತ್ತ ಬಂದಂತೆ ಮಾತ್ರೆಯ ಪ್ರಮಾಣವನ್ನು ಎರಡು ಸಲ ಹೆಚ್ಚಿಸಬೇಕಾಯಿತು. ಹೆಣ್ಣು ಮಗು ಹುಟ್ಟಿತು, ಮೂರು ಕೆಜಿ. ಬಾಣಂತಿಗೆ ನಿದ್ದೆಯೇ ಕಷ್ಟದ ವಿಷಯ. ಅದಕ್ಕೆ ಮನೆಯಲ್ಲಿ ಒಂದು ಏರ್ಪಾಡಾಯಿತು. ರಾತ್ರಿ ಹತ್ತಕ್ಕೆ ಹಾಲು ಕುಡಿಸಿ, ಮುಂದಿನ ಸರದಿಗೆ ಹಾಲು ತೆಗೆದಿಟ್ಟು ಅವಳು ಮಲಗುವಳು. ನಡುರಾತ್ರಿ ಮಗು ಎದ್ದರೆ ಒಂದು ದಿನ ಅಜ್ಜಿ, ಒಂದು ದಿನ ಅಪ್ಪ. ಊಟಕ್ಕೆ ಮಾತ್ರ ಬಾಯಿ ತೆಗೆಯುತ್ತಿದ್ದ ನವೀನ್‌ಕುಮಾರ್ ಮಗಳನ್ನು ಹೆಗಲಿಗೆ ಹಾಕಿಕೊಂಡು ಕಾರ್ಖಾನೆಯ ಕಥೆಗಳನ್ನೆಲ್ಲ ಹೇಳುವುದನ್ನು ಕಲಿತ.

ಎರಡು ವರ್ಷ ದಾಟಿದರೂ ಒಂದು ಫಿಟ್ಸೂ ಬರಲಿಲ್ಲ. ಮಾತ್ರೆ ನಿಲ್ಲಿಸಬಹುದೆಂಬ ಆಸೆಯಿಂದ ಶಶಿರೇಖಾ ಮತ್ತೊಮ್ಮೆ ಇಇಜಿ ಮಾಡಿಸಿಕೊಂಡಳು. ಅರ್ಧ ಗಂಟೆಯ ಪರೀಕ್ಷೆಯಲ್ಲಿ ಒಂದೇ ಒಂದು ಕಡೆ, ಸಣ್ಣದಾಗಿ, ಆ ಮೊನೆಗಳು ಕಂಡವು. ಕೈ ಅಲುಗಿರಲಿಲ್ಲ, ಆದರೂ ಗೆರೆಯಲ್ಲಿ ಅದಿತ್ತು.

“ಮಾತ್ರೆ ಚೆನ್ನಾಗಿ ಹಿಡಿದಿಟ್ಟಿದೆ. ಬಿಟ್ರೆ ಮತ್ತೆ ಬರುತ್ತೆ. ಈ ಬಗೆಯಲ್ಲಿ ಬಹಳ ವರ್ಷ, ಎಷ್ಟೋ ಜನಕ್ಕೆ ಜೀವನಪೂರ್ತಿ ತಗೋಬೇಕಾಗುತ್ತೆ” ಎಂದರು ಡಾಕ್ಟರ್ ಮಮತ.

ಅವಳು ಸಪ್ಪಗಾದಳು. ಹೊರಗೆ ಬಂದಾಗ ನವೀನ್‌ಕುಮಾರ್, “ನಮ್ಮಮ್ಮ ಹದಿನಾಲ್ಕು ವರ್ಷದಿಂದ ಬಿಪಿ ಮಾತ್ರೆ ತಗೊಳ್ತಿಲ್ವಾ? ಜಗಳಕ್ಕೇನಾದ್ರೂ ಕಮ್ಮಿ ಇದಾರಾ?” ಎಂದ. ಅವಳಿಗೆ ನಗು ಬಂತು. ಈಗ ಮಾತ್ರೆಯ ಡಬ್ಬಿ ಅಡುಗೆಮನೆಯ ಕಿಟಕಿಯಲ್ಲಿ, ಎಲ್ಲರ ಕಣ್ಣಿಗೂ ಕಾಣುವಂತೆ ಇರುತ್ತದೆ.

ಈ ವರ್ಷ ಅವಳ ಟೇಬಲ್ಲಿಗೆ ಶಿಲ್ಪ ಎಂಬ ಇಪ್ಪತ್ತರ ಹುಡುಗಿ ಸೇರಿದ್ದಾಳೆ. ಕೆಲಸ ಕಲಿಸುತ್ತಿದ್ದಾಗ ಶಶಿರೇಖಾ ಒಂದು ವಿಷಯ ಗಮನಿಸಿದಳು. ಹುಡುಗಿ ಒಮ್ಮೊಮ್ಮೆ ಷರ್ಟು ಹಿಡಿದಂತೆಯೇ ನಿಂತುಬಿಡುತ್ತಾಳೆ. ಕಣ್ಣು ಎಲ್ಲೋ ನೆಟ್ಟಿರುತ್ತದೆ, ತುಟಿ ಏನನ್ನೋ ಚಪ್ಪರಿಸುತ್ತಿರುತ್ತದೆ, ಕರೆದರೆ ಉತ್ತರವಿಲ್ಲ. ಸ್ವಲ್ಪ ಹೊತ್ತಿಗೆ ಏನೂ ಆಗದವಳಂತೆ ಕೆಲಸ ಮುಂದುವರಿಸುತ್ತಾಳೆ. ಉಳಿದವರು ಅವಳಿಗೆ ‘ಕನಸಿನ ರಾಣಿ’ ಎಂದು ಹೆಸರಿಟ್ಟಿದ್ದರು. ಶಶಿರೇಖಾ ನಗಲಿಲ್ಲ. ಊಟದ ಹೊತ್ತಿನಲ್ಲಿ ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡಳು. ತನ್ನ ಕಥೆ ಹೇಳಿದಳು.

“ನಂಗೆ ಗೊತ್ತೇ ಆಗಲ್ಲ ಅಕ್ಕ” ಎಂದಳು ಶಿಲ್ಪ. “ಯಾರೋ ನಡುವೆ ಒಂದು ತುಂಡು ಕತ್ತರಿಸ್ದಂಗೆ ಇರುತ್ತೆ. ಆ ಪರೀಕ್ಷೆಗೆ ತಲೆ ಬೋಳಿಸ್ತಾರಾ?”

“ಇಲ್ಲ ಕಣೇ. ಪೇಸ್ಟ್ ಹಚ್ತಾರೆ. ಎರಡು ಸಲ ತಲೆ ತೊಳ್ಕೊಂಡ್ರೆ ಹೋಗುತ್ತೆ. ಮೊದಲ್ನೇ ಸಲ ಏನೂ ಸಿಗ್ದಿದ್ರೂ ಬಿಡ್ಬಾರ್ದು, ಅಷ್ಟೆ. ನಿಮ್ಮಮ್ಮನ ನಂಬರ್ ಕೊಡು, ನಾನು ಮಾತಾಡ್ತೀನಿ.”

ಶಿಲ್ಪಳ ಒಪ್ಪಿಗೆ ಪಡೆದು, ಮುಂದಿನ ಸಲ ಹಾಗಾದಾಗ ಶಶಿರೇಖಾ ಅದನ್ನು ಮನೋಹರನ ಫೋನಿನಲ್ಲಿ ವಿಡಿಯೋ ಮಾಡಿಸಿದಳು. ಮೂವತ್ತೆರಡು ಸೆಕೆಂಡು. ಗುರುವಾರ ರಜೆ ಹಾಕಿ, ಶಿಲ್ಪ ಮತ್ತು ಅವಳ ತಾಯಿಯ ಜೊತೆ ತಾನೂ ಆಸ್ಪತ್ರೆಗೆ ಹೋದಳು. ಡಾಕ್ಟರ್ ಮಮತ ವಿಡಿಯೋವನ್ನು ಎರಡು ಸಲ ನೋಡಿ, “ಇದನ್ನ ತಂದಿದ್ದು ಬಹಳ ಒಳ್ಳೇದಾಯ್ತು” ಎಂದರು.

ಅರ್ಪಿತ ಶಿಲ್ಪಳನ್ನು ಒಳಗೆ ಕರೆದುಕೊಂಡು ಬಾಗಿಲು ಮುಂದೆ ಮಾಡಿದಳು. ಹುಡುಗಿಯ ತಾಯಿ ಬೆಂಚಿನ ತುದಿಯಲ್ಲಿ ಸೆರಗನ್ನು ಹಿಂಡುತ್ತ ಕೂತಿದ್ದಳು. ಶಶಿರೇಖಾ ಅವಳ ಪಕ್ಕಕ್ಕೆ ಸರಿದು ಕೂತು, ಒಳಗೆ ಈಗ ಏನು ನಡೆಯುತ್ತಿರುತ್ತದೆ ಎನ್ನುವುದನ್ನು ತಲೆ ಅಳೆಯುವುದರಿಂದ ಹಿಡಿದು ಒಂದೊಂದಾಗಿ ಹೇಳತೊಡಗಿದಳು.